ಅಪ್‌ಡೇಟ್: ಅಪ್ಪನ ಲೇಖನಗಳಿಗೆ ಕೊನೆಗೂ ಒಗ್ಗಿದ್ದು ಇಪಬ್

ಅಪ್ಪನ ಪ್ರವಾಸ ಲೇಖನಗಳನ್ನು ಅಮ್ಮನ ಆಂಡ್ರಾಯ್ಡ್ ಫೋನ್, ತಮ್ಮನ ಐಪ್ಯಾಡ್, ನನ್ನ ಲ್ಯಾಪ್‌ಟಾಪ್ ಮೂರರಲ್ಲೂ ಓದಲು ಯಾವ ರೂಪ ಸೂಕ್ತವೆಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಇಪಬ್ (ಪರದೆಯ ಅಗಲಕ್ಕೆ ತಕ್ಕಂತೆ ಸಾಲುಗಳು ಹೊಂದಿಕೊಳ್ಳುವ ಇ-ಪುಸ್ತಕ ರೂಪ) ಮಾಡಿ ಎಂದವರ ಸಲಹೆಯೇ ಫಲಿಸಿತು. ಅವರಿಗೆ ಮನಃಪೂರ್ವಕ ಕೃತಜ್ಞತೆಗಳು.

ಪಿಡಿಎಫ್‌ನಲ್ಲಿ ಪುಟದ ಅಳತೆ ಸ್ಥಿರವಾಗಿರುವುದರಿಂದ, ಅಮ್ಮ ಅಕ್ಷರ ಹಿಗ್ಗಿಸಿದೊಡನೆ ಸಾಲು ಪರದೆಯಾಚೆ ಸರಿದು, ಪ್ರತಿ ಸಾಲನ್ನೂ ಬೆರಳಿನಿಂದ ಅತ್ತಿತ್ತ ಎಳೆದು ಓದಬೇಕಾಗುತ್ತಿತ್ತು. ಮೊಬಿ ಎಂಬ ಇನ್ನೊಂದು ಇ-ಪುಸ್ತಕ ರೂಪದ ಕಡತವನ್ನು ತಮ್ಮನ ಬಳಿಯಿದ್ದ ಆಪ್ ತೆರೆಯಲಿಲ್ಲ.

ನಾನು ಊಹಿಸಿರದ ತೊಡಕು ಬೇರೆಯೇ ಇತ್ತು. ಕ್ಯಾಲಿಬರ್ ಎಂಬ ಇ-ಪುಸ್ತಕ ತಂತ್ರಾಂಶದಲ್ಲಿ ಪರಿವರ್ತಿಸಿದ ಮೊದಲ ಇಪಬ್‌ನಲ್ಲಿ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವು. ಅಪ್ಪ ಬೆರಳಚ್ಚು ಮಾಡಿದ್ದು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ತಮ್ಮದೇ ಸಂಕೇತ ಕೊಡುವ ವ್ಯವಸ್ಥೆ) ಅಲ್ಲದ ಹಳೆಯ ಫಾಂಟಿನಲ್ಲಿ. ಅಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೇ ಕನ್ನಡದ ಆಕಾರಗಳನ್ನು ತೊಡಿಸಿರುವುದರಿಂದ, ಆ ಫಾಂಟ್ ಇಲ್ಲದ ಸಾಧನದಲ್ಲಿ ಒಳಗಿನ ಇಂಗ್ಲಿಷ್ ಅಕ್ಷರಗಳೇ ಹೊರಬೀಳುತ್ತವೆ. ಪಠ್ಯವನ್ನು ಮೊದಲು ಯೂನಿಕೋಡ್‌ಗೆ ಬದಲಿಸಿ, ಬಳಿಕ ಇಪಬ್ ಮಾಡಿದಾಗ ಮೂರೂ ಕಡೆ ಸರಿಯಾಗಿ ತೆರೆಯಿತು. ಆದರೂ ಅರ್ಕಾವೊತ್ತುಗಳನ್ನು ಒಂದೊಂದಾಗಿ ನೋಡುವುದು ಅಗತ್ಯ: ನನ್ನ ಪ್ರತಿಯಲ್ಲಿ ‘ಧರ್ಮಸ್ಥಳ’, ‘ಕಾರ್ಕಳ’ ಎಂಬಂಥ ಹೆಸರುಗಳಲ್ಲೇ ಅವು ಪಕ್ಕದ ಅಕ್ಷರಕ್ಕೆ ಜಿಗಿದಿದ್ದವು. ಅವನ್ನು ತಿದ್ದಲು ಎರಡು ಸಂಜೆ ಹಿಡಿಯಿತು. ಈಗ ಅಮ್ಮ ಅಕ್ಷರವನ್ನು ತಮಗೆ ಬೇಕಾದಷ್ಟು ದೊಡ್ಡದಾಗಿಸಿಕೊಂಡು ನಾಲ್ಕನೆಯ ಲೇಖನ ಓದುತ್ತಿದ್ದಾರೆ.