ಪ್ರೆಸ್ಟೀಜ್ ಕ್ಲಾಸಿಗೆ ಬೇಕಾದ್ದು ಅರ್ಹತೆಯೋ, ಷರತ್ತೋ?

ಗೆಳೆಯರೇ, ಒಂದು ಪದ ಬೇಕಾಗಿದೆ. ಸಾಧ್ಯವಾದರೆ ಎರಡು.

ಭಾನುವಾರ ತಂಗಿಯ ಮಕ್ಕಳ ಜೊತೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇನೆ. ಕಾಗದ, ಪೆನ್ಸಿಲ್, ಇಪ್ಪತ್ತು ಮುಖದ ದಾಳ, ಮಿಕ್ಕಿದ್ದೆಲ್ಲ ಬಾಯಿಮಾತು; ಒಬ್ಬೊಬ್ಬರೂ ಕಥೆಯ ಒಂದೊಂದು ಪಾತ್ರವಾಗಿ ಆಡುವುದು. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟ. ನಮ್ಮ ಹತ್ತಿರ ಇರುವುದು 2003ರ ನಿಯಮಗಳು, ಅಂದರೆ 3.5 ಆವೃತ್ತಿ. ಮಾತೆಲ್ಲ ಕನ್ನಡದಲ್ಲೇ ನಡೆಯುತ್ತದೆ, ನಿಯಮಗಳನ್ನೂ ಕನ್ನಡದಲ್ಲಿ ಬರೆದಿಡೋಣ ಅಂತ ಕೂತೆ. ‘ಪ್ರೆಸ್ಟೀಜ್ ಕ್ಲಾಸ್’ ಬಂದಾಗ ಪೆನ್ನು ನಿಂತಿತು.

ಪ್ರೆಸ್ಟೀಜ್ ಅಂದರೆ ನಮಗೆ ಮೊದಲು ಕುಕ್ಕರ್, ಆಮೇಲೆ ‘ಅದು ಅವರ ಪ್ರೆಸ್ಟೀಜ್ ಪ್ರಶ್ನೆ’. ‘ಪ್ರತಿಷ್ಠಿತ ವರ್ಗ’ ಅಂದರೆ ದುಡ್ಡಿರುವ ಜನ. ಮೂರೂ ಇಲ್ಲಿಗೆ ಹೊಂದುವುದಿಲ್ಲ. ಯೋಧನೋ ಕಳ್ಳನೋ ಮಂತ್ರವಾದಿಯೋ ಆಗಿ ಶುರುಮಾಡಿದವನು ಹಲವು ಹಂತ ಏರಿದ ಮೇಲೆ ಹಿಡಿಯಬಹುದಾದ ವಿಶೇಷ ಕಸುಬು ಅದು. ಮೊದಲ ದಿನವೇ ಸಿಗುವುದಿಲ್ಲ. ಒಳಗೆ ಹೋಗಲು ಏನೇನು ಬೇಕು ಎಂಬ ಪಟ್ಟಿ ಇರುತ್ತದೆ. ಆ ಪಟ್ಟಿಗೆ ಏನೆನ್ನಬೇಕು ಅನ್ನುವುದೇ ನನ್ನ ಮುಖ್ಯ ಪ್ರಶ್ನೆ.

ಸುಮ್ನೆ ‘ಅರ್ಹತೆ’ ಅಂದರೆ ಸಾಕಲ್ವಾ ಅನ್ನಿಸಬಹುದು. ನಾನೂ ಹಾಗೇ ಬರೆದೆ. ‘ಶ್ಯಾಡೋಡ್ಯಾನ್ಸರ್’ (ನೆರಳಲ್ಲಿ ಕುಣಿಯುವವನು) ಎಂಬ ಪ್ರೆಸ್ಟೀಜ್ ಕ್ಲಾಸಿಗೆ ಹೋಗಲು ಅವಿತುಕೊಳ್ಳುವುದರಲ್ಲಿ 10, ಸದ್ದಿಲ್ಲದೆ ನಡೆಯುವುದರಲ್ಲಿ 8, ಕುಣಿತದಲ್ಲಿ 5 ಅಂಕ ಬೇಕು. ಎಷ್ಟನೇ ಹಂತ ಅಂತ ಎಲ್ಲೂ ಹೇಳಿಲ್ಲ. ಆದರೆ ಯಾವ ಕೌಶಲದಲ್ಲೂ ನಿಮ್ಮ ಹಂತಕ್ಕೆ ಮೂರು ಕೂಡಿಸಿದ್ದಕ್ಕಿಂತ ಜಾಸ್ತಿ ಅಂಕ ಇಡುವ ಹಾಗಿಲ್ಲ. ಹತ್ತು ಬೇಕೆಂದರೆ 7ನೇ ಹಂತ ಮುಟ್ಟಿರಲೇಬೇಕು. ಇದು ಕಟಾಫ್ ಅಂಕದ ಥರ, ‘ಅರ್ಹತೆ’ ಚೆನ್ನಾಗಿ ಒಪ್ಪುತ್ತದೆ.

ಅದೇ ಪಟ್ಟಿಯಲ್ಲಿ ಮೂರು ‘ಫೀಟ್’, ಅಂದರೆ ಪಾತ್ರ ಕಲಿತುಕೊಳ್ಳುವ ವಿಶೇಷ ಚಳಕ, ಕೂಡ ಬೇಕು. ಮೂರು ಫೀಟ್ ಅಂದಾಗ ಚಿಕ್ಕವಳು ಕೈ ಚಾಚಿ ಮೂರು ಅಡಿ ಅಳತೆ ತೋರಿಸಿದಳು! ಇದಕ್ಕೆ ಮಾತ್ರ ಗರಡಿಮನೆಯ ‘ಪಟ್ಟು’ ಸಿಕ್ಕಿತು. ‘ಮೂರು ಪಟ್ಟುಗಳನ್ನು ಕಲಿತಿರಬೇಕು’. ಇದರಲ್ಲಿ ನನಗೆ ಅನುಮಾನವೇ ಇಲ್ಲ.

ತೊಂದರೆ ಕೊಟ್ಟವನು ‘ಅಸ್ಯಾಸಿನ್’, ಕೊಲೆಗಡುಕ. ಅವನಿಗೂ ಅವಿತುಕೊಳ್ಳುವುದು 8, ಸದ್ದಿಲ್ಲದ ನಡಿಗೆ 8 ಅಂತ ಲೆಕ್ಕಗಳಿವೆ. ಕೊನೆಗೆ ಇನ್ನೊಂದು ಸಾಲು: ಆ ಗುಂಪಿಗೆ ಸೇರಬೇಕೆಂಬ ಒಂದೇ ಕಾರಣಕ್ಕೆ ಯಾರನ್ನಾದರೂ ಕೊಂದಿರಬೇಕು. ಇದನ್ನು ಅರ್ಹತೆ ಅನ್ನಲು ಬಾಯಿ ಬರುವುದಿಲ್ಲ. ‘ಯೋಗ್ಯತೆ’ ಅಂತೂ ಬೇಡವೇ ಬೇಡ, ‘ನಿನ್ನ ಯೋಗ್ಯತೆಗೆ’ ಅಂತ ಬೈದ ಹಾಗಾಗುತ್ತದೆ. ‘ಬ್ಲ್ಯಾಕ್‌ಗಾರ್ಡ್’ ಎಂಬ ಕೇಡಿ ಯೋಧ ಬೇರೆ ಲೋಕದ ಒಂದು ದುಷ್ಟಶಕ್ತಿಯ ಜೊತೆ ಜಗಳವಿಲ್ಲದೆ ಒಮ್ಮೆ ಮುಖಾಮುಖಿ ಆಗಿರಬೇಕು. ಇವು ನಮ್ಮಲ್ಲಿ ಇರುವ ಗುಣವಲ್ಲ, ಬೇರೆಯವರು ಒಡ್ಡಿದ್ದನ್ನು ನಾವು ಮಾಡಿ ತೋರಿಸಿದ್ದು. ಇದಕ್ಕೆ ‘ಷರತ್ತು’ ಹತ್ತಿರ ಅನ್ನಿಸುತ್ತದೆ. ಆದರೆ ಷರತ್ತು ಅಂದರೆ ಬಾಡಿಗೆ ಕರಾರಿನ ವಾಸನೆ. ‘ಪಣ’ ಅನ್ನೋಣ ಅಂದರೆ ಅದು ನಾವೇ ತೊಡುವುದು, ಅಥವಾ ಜೂಜಿಗೆ ಒಡ್ಡುವುದು. ‘ಪೂರ್ವಾಪೇಕ್ಷೆ’ ಎರಡನ್ನೂ ನುಂಗುತ್ತದೆ, ನಿಜ. ಹನ್ನೆರಡು ವರ್ಷದ ಹುಡುಗನ ಮುಂದೆ ಅದನ್ನು ಹೇಳಿ ನೋಡಿ.

2014ರ ಐದನೇ ಆವೃತ್ತಿಯಲ್ಲಿ ಈ ಕಷ್ಟವಿಲ್ಲ. ಅದರ ಮೂಲ ಪುಸ್ತಕಗಳಲ್ಲಿ ಪ್ರೆಸ್ಟೀಜ್ ಕ್ಲಾಸೇ ಇಲ್ಲ. ಎರಡನೇ ಕಸುಬು ಹಿಡಿಯಲು ಬಲ, ಬುದ್ಧಿಯಂಥ ಗುಣಗಳ ಪೈಕಿ ಹೇಳಿದವುಗಳಲ್ಲಿ 13 ಅಂಕ ಇದ್ದರೆ ಆಯಿತು. ಅಲ್ಲಿ ‘ಅರ್ಹತೆ’ಯೊಂದೇ ಸಾಕು. ಹಿಂದೆ ಹೋದರೆ ಇನ್ನೊಂದು ರುಚಿ. 1978ರ ನಿಯಮದ ‘ಬಾರ್ಡ್’, ಅಂದರೆ ಹಾಡುಗಾರ, ಮೊದಲು ಯೋಧನಾಗಿ 5ನೇ ಹಂತವನ್ನಾದರೂ ಮುಟ್ಟಬೇಕು, 8 ಮುಟ್ಟುವ ಮೊದಲು ಕಳ್ಳನಾಗಬೇಕು, ಅಲ್ಲೂ ಹಂತ ಏರಿದ ಮೇಲಷ್ಟೇ ಹಾಡು. ಇಲ್ಲಿ ಅರ್ಹತೆಗಿಂತ ದಾರಿ ದೊಡ್ಡದು.

ಇದನ್ನು ಓದುವಾಗ ಯಕ್ಷಗಾನ ನೆನಪಾಯಿತು. ತೆಂಕುತಿಟ್ಟಿನಲ್ಲಿ ಹೊಸಬ ಕೋಡಂಗಿ, ಬಾಲಗೋಪಾಲ ಅಂತ ಶುರುಮಾಡುತ್ತಿದ್ದ. ದೊಡ್ಡ ವೇಷಗಳು ಆಮೇಲೆ. ಹಾಗಾದರೆ ಕ್ಲಾಸಿಗೆ ‘ವೇಷ’, ಪ್ರೆಸ್ಟೀಜ್ ಕ್ಲಾಸಿಗೆ ‘ದೊಡ್ಡ ವೇಷ’ ಅಂದರೆ ಹೇಗೆ? ‘ಈ ಸಲ ನಿನ್ನದು ಯಾವ ವೇಷ?’ ಅಂತ ಕೇಳಿದರೆ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ. ಒಂದೇ ಎಡವಟ್ಟು: ಕೊಲೆಗಡುಕನಿಗೆ ವೇಷ ಮರೆಸುವುದರಲ್ಲೂ 4 ಅಂಕ ಬೇಕು. ವೇಷಕ್ಕೆ ವೇಷ ಬೇಕು ಅಂತಾಗುತ್ತದೆ. ಅದನ್ನು ‘ಮಾರುವೇಷ’ ಅಂದು ದಾಟಿಸಿದ್ದೇನೆ.

ಈಗಿನ ಕರಡಿನಲ್ಲಿ ಅಂಕ ಮತ್ತು ಪಟ್ಟುಗಳಿಗೆ ‘ಅರ್ಹತೆ’, ಮಾಡಿ ತೋರಿಸಬೇಕಾದ್ದಕ್ಕೆ ‘ಷರತ್ತು’ ಅಂತಿದೆ. ಎರಡನ್ನೂ ಸೇರಿಸಿ ಮೇಲೆ ಬರೆಯುವ ಒಂದು ತಲೆಬರಹದ ಪದ ಸಿಕ್ಕಿಲ್ಲ, ‘ಬೇಕಾದ್ದು’ ಅಂತ ಬರೆದು ಬಿಟ್ಟಿದ್ದೇನೆ. ನಿಮ್ಮ ಕಡೆ ಗರಡಿಯಲ್ಲೋ ಮೇಳದಲ್ಲೋ ಇದಕ್ಕೊಂದು ಮಾತು ಇದೆಯಾ? ತಂಗಿಯ ಮಗ ಮುಂದಿನ ಭಾನುವಾರ 7ನೇ ಹಂತಕ್ಕೆ ಬರುತ್ತಾನೆ. ಕುಣಿತದಲ್ಲಿ ಆಗಲೇ 5 ಇಟ್ಟುಕೊಂಡು ಕಾಯುತ್ತಿದ್ದಾನೆ.