ಕ್ಯಾಂಡಿಡಾದ ಗ್ಲೈಕೋಲಿಪಿಡ್ ಕ್ಲೋರೋಫಾರ್ಮ್ ಪದರದಲ್ಲಿ ಸಿಗ್ತಾನೇ ಇಲ್ಲ, ಯಾಕೆ?

ಕೇಳಿದ್ದು: ಮೊದಲ್ನೇ ಸಲ_ಲ್ಯಾಬು
ಎಲ್ರಿಗೂ ನಮಸ್ಕಾರ. ಸೋಂಕು ತರೋ ಯೀಸ್ಟ್ ಕ್ಯಾಂಡಿಡಾ ಆಲ್ಬಿಕನ್ಸ್‌ನ ಫಾಸ್ಫೋಲಿಪೋಮನ್ನಾನ್ (ಸಕ್ಕರೆ ಸರ ಅಂಟಿರೋ ಲಿಪಿಡ್, ಅಂದ್ರೆ ಗ್ಲೈಕೋಲಿಪಿಡ್) ತೆಗೀಬೇಕಿತ್ತು, ಹೆಸರಲ್ಲೇ ಲಿಪಿಡ್ ಇದೆಯಲ್ಲಾ ಅಂತ ಕ್ಲೋರೋಫಾರ್ಮ್-ಮೆಥನಾಲ್ ಹಾಕಿ ಕೆಳಗಿನ ಪದರ ಇಟ್ಕೊಂಡು ಮೇಲಿನ ನೀರನ್ನ ಸಿಂಕಿಗೆ ಸುರಿದ್ಬಿಟ್ಟೆ, ಟಿಎಲ್‌ಸಿ (ತಟ್ಟೆ ಮೇಲೆ ಅಣುಗಳನ್ನ ಬೇರೆ ಮಾಡಿ ನೋಡೋದು) ಮಾಡಿದ್ರೆ ಏನೂ ಇಲ್ಲ. ಇನ್ನೊಂದು ಡೌಟು, ಲಿಪಿಡ್ ಅಂದ್ರೆ ಪೊರೇಲಿ ಇರಬೇಕು, ಇದನ್ನ ಕೋಶಭಿತ್ತಿಯದು ಅಂತಾರಲ್ಲ? ಇದೂ ಪ್ರೋಟೀನನ್ನ ಪೊರೆಗೆ ಕಟ್ಟೋ ಜಿಪಿಐ ಆಂಕರ್ ಥರಾನೇನಾ?

ಉತ್ತರ: ಮನ್ನೋಸ್ ಮಾಮ
ಅಯ್ಯೋ, ನಿಮ್ಮ ಮಾಲು ಸಿಂಕಿಗೇ ಹೋಯ್ತು ಅನ್ಸುತ್ತೆ 😅

ಈ ಅಣುವಿನ ಕೊಬ್ಬಿನ ಬಾಲದಿಂದ ಶುರು ಮಾಡಿ. ಫೈಟೋಸೆರಮೈಡ್, ಅಂದ್ರೆ ಫೈಟೋಸ್ಫಿಂಗೋಸಿನ್‌ಗೆ ಉದ್ದದ ಫ್ಯಾಟಿ ಆಸಿಡ್ ಅಮೈಡ್ ಬಾಂಡಲ್ಲಿ ಅಂಟಿರೋದು. ಅದಕ್ಕೆ ಫಾಸ್ಫೇಟ್, ಆಮೇಲೆ ಇನೋಸಿಟಾಲ್, ಅದರ ಮೇಲೆ ಮನ್ನೋಸ್ ಅನ್ನೋ ಸಕ್ಕರೆ ಒಂದು. ಇಲ್ಲಿವರೆಗೂ ಬೇಕರಿ ಯೀಸ್ಟಲ್ಲೂ ಇರೋ ಎಂಐಪಿಸಿ ಅನ್ನೋ ಲಿಪಿಡ್ ಅಷ್ಟೇ. ಕ್ಯಾಂಡಿಡಾ ಅದರ ಮೇಲೆ ಇನ್ನೊಂದು ಫಾಸ್ಫೇಟ್ ಇಟ್ಟು ಬೀಟಾ-1,2 ಅನ್ನೋ ಗಂಟಿನಲ್ಲಿ ಮನ್ನೋಸ್‌ಗಳ ಸರ ಪೋಣಿಸುತ್ತೆ. ಸಕ್ಕರೆಗೂ ನೀರು ಇಷ್ಟ, ಫಾಸ್ಫೇಟ್‌ಗೂ ನೀರು ಇಷ್ಟ, ಪಾಪ ಎರಡು ಬಾಲ ಎಷ್ಟು ಎಳೆದ್ರೂ ಅದು ಕ್ಲೋರೋಫಾರ್ಮ್‌ಗೆ ಇಳಿಯಲ್ಲ. ಅದಕ್ಕೇ ಬ್ಯೂಟನಾಲ್-ನೀರು ಬಳಸೋದು. ಪೊರೇಲೇ ಹುಟ್ಟಿದ್ರೂ ಭಿತ್ತಿ ದಾಟಿ ಹೊರಗೂ ಬರೋದು ಇದೇ ನೀರಿನ ಮೋಹದಿಂದ ಅಂತ ನನ್ನ ಲೆಕ್ಕ.

ಉತ್ತರ: ಸುಮ್ನೆ ಓದುವವಳು
ಜಿಪಿಐ ಅಲ್ಲ. ಜಿಪಿಐನಲ್ಲಿ ಇನೋಸಿಟಾಲ್ ಪಕ್ಕದಲ್ಲೇ ಗ್ಲುಕೋಸಮೀನ್ ಇರುತ್ತೆ, ತುದೀಲಿ ಪ್ರೋಟೀನು. ಇದ್ರಲ್ಲಿ ನೇರ ಮನ್ನೋಸು, ಪ್ರೋಟೀನೇ ಇಲ್ಲ. ಯೀಸ್ಟಿನ ಎಷ್ಟೋ ಜಿಪಿಐಗಳಲ್ಲೂ ಸೆರಮೈಡ್ ಇರೋದ್ರಿಂದ ಬಾಲ ನೋಡಿ ತೀರ್ಮಾನ ಮಾಡ್ಬೇಡಿ, ನಾನು ಹಾಗೆ ಮಾಡಿ ಒಂದು ಸೆಮಿನಾರಲ್ಲಿ ಸರಿಯಾಗಿ ಬೈಸ್ಕೊಂಡಿದೀನಿ. ಜೆಲ್ಲಲ್ಲಿ ಓಡಿಸಿ ಬ್ಲಾಟ್ ಮಾಡಿದ್ರೆ 14-18 ಕಿಲೋಡಾಲ್ಟನ್ ಹತ್ರ ಬ್ಯಾಂಡ್ ಬರುತ್ತೆ, ನೋಡಿದ್ರೆ ಚಿಕ್ಕ ಪ್ರೋಟೀನ್ ಅಂದ್ಕೋಬೇಕು, ಆದ್ರೆ ಪ್ರೋಟಿಯೇಸ್ ಹಾಕಿದ್ರೂ ಜಪ್ಪಯ್ಯ ಅನ್ನಲ್ಲ.

ಕೇಳಿದ್ದು: ಮೊದಲ್ನೇ ಸಲ_ಲ್ಯಾಬು
ಓಹ್ ಗೊತ್ತಾಯ್ತು, ಥ್ಯಾಂಕ್ಸ್! ಬೀಟಾ ಅಂತ ಹೇಗೆ ಗೊತ್ತಾಗೋದು, ಮಾಸ್ ಸ್ಪೆಕ್ ಸಾಕಾ?

ಉತ್ತರ: ಮನ್ನೋಸ್ ಮಾಮ
ಸಾಲಲ್ಲ. ಆಲ್ಫಾ ಆದ್ರೂ ಬೀಟಾ ಆದ್ರೂ ಮನ್ನೋಸ್ ತೂಕ ಒಂದೇ ಅಲ್ವಾ, ಮಾಸ್ ಸ್ಪೆಕ್ ಸರದಲ್ಲಿ ಎಷ್ಟು ಮಣಿ ಇದೆ ಅಂತ ಎಣಿಸುತ್ತೆ, 162 ಡಾಲ್ಟನ್ ಅಂತರದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಪೀಕ್ ಬರುತ್ತೆ, ಗಂಟು ಹೇಗೆ ಕಟ್ಟಿದೆ ಅನ್ನೋಕೆ ಎನ್‌ಎಂಆರ್ ಬೇಕು. ಆಲ್ಫಾ ಗಂಟು ಕತ್ತರಿಸೋ ಕಿಣ್ವ ಆಲ್ಫಾ-ಮನ್ನೋಸಿಡೇಸ್ ಹಾಕಿ ನೋಡಿದ್ರೂ ಒಂದು ಸುಳಿವು, ಬೀಟಾ ಸರವನ್ನ ಅದು ಮುಟ್ಟಲ್ಲ.

ಉತ್ತರ: ಸುಮ್ನೆ ಓದುವವಳು
ಈ ಬೀಟಾ ಗಂಟೇ ಮುಖ್ಯ ಕಣ್ರೀ. ನಮ್ಮ ದೇಹ ಬೀಟಾ-1,2 ಮನ್ನೋಸ್ ಸರ ಕಟ್ಟಲ್ಲ, ಹಾಗಾಗಿ ಮ್ಯಾಕ್ರೋಫೇಜ್ ಅನ್ನೋ ರಕ್ಷಣಾ ಕೋಶದ ಮೇಲಿನ ಗೆಲೆಕ್ಟಿನ್-3 ಪ್ರೋಟೀನ್ ಅದನ್ನ ಹಿಡ್ಕೊಂಡು ಇದು ಹೊರಗಿನವನು ಅಂತ ಪತ್ತೆ ಹಚ್ಚುತ್ತೆ. ಕ್ರಿಪ್ಟೋಕಾಕಸ್ ಅನ್ನೋ ಇನ್ನೊಂದು ಯೀಸ್ಟಿನ ಕಥೆ ಬೇರೆ. ಅದರ ಗ್ಲುಕೋಸಿಲ್‌ಸೆರಮೈಡ್‌ನಲ್ಲಿ ಸಕ್ಕರೆ ಒಂದೇ ಒಂದು, ವಿಶೇಷ ಇರೋದು ಬಾಲದಲ್ಲಿ, ಸ್ಫಿಂಗಾಯ್ಡ್ ಬೇಸಿನ 9ನೇ ಕಾರ್ಬನ್ ಮೇಲೆ ಒಂದು ಮೀಥೈಲ್. ನಮ್ಮ ಸ್ಫಿಂಗೋಸಿನ್‌ನಲ್ಲಿ ಅದಿಲ್ಲ. ಅದು ಬೇಕಿದ್ರೆ ಮಾತ್ರ ನಿಮ್ಮ ಕ್ಲೋರೋಫಾರ್ಮ್ ಪದರ ಇಟ್ಕೊಳ್ಳಿ, ಫಾಸ್ಫೋಲಿಪೋಮನ್ನಾನ್ ಬೇಕಿದ್ರೆ ಈ ಸಲ ನೀರು ಚೆಲ್ಲಬೇಡಿ.