ಸುಂಕವೋ, ಶುಲ್ಕವೋ, ದಲಾಲಿಯೋ: ಹೊರದೇಶದ ಪಾರ್ಸೆಲ್ ಚೀಟಿಗೆ ಕನ್ನಡ ಪದಗಳು

ಪ್ರಿಯರೇ,

ಹೊರದೇಶದಿಂದ ತರಿಸಿದ ಸಣ್ಣ ಸಾಮಾನು ಮನೆಬಾಗಿಲಿಗೆ ಬಂದಾಗ ಕೇಳುವ ಹೆಚ್ಚುವರಿ ಹಣಕ್ಕೆ ಕನ್ನಡದಲ್ಲಿ ಏನೆನ್ನಬೇಕು? ‘ಕಸ್ಟಮ್ಸ್ ಶುಲ್ಕ’ ಎಂಬ ಮಾತು ಈಗ ಮೊಬೈಲ್ ಸಂದೇಶಗಳಿಂದ ಹಿಡಿದು ಪತ್ರಿಕೆಗಳವರೆಗೆ ಹಬ್ಬಿದೆ. ಅದು ತಪ್ಪು ಪದ ಎಂಬುದು ನನ್ನ ಅಭಿಪ್ರಾಯ. ಬರಿಯ ವ್ಯಾಕರಣದ ತಪ್ಪಾಗಿದ್ದರೆ ಸುಮ್ಮನಿರುತ್ತಿದ್ದೆ. ಈ ತಪ್ಪಿನಿಂದ ಜನರ ಜೇಬಿಗೇ ಕತ್ತರಿ ಬೀಳುತ್ತಿದೆ.

ಕಲಬುರಗಿಯ ನಮ್ಮ ಓಣಿಯಲ್ಲಿ ಅಂಗಡಿ ಫಲಕಗಳನ್ನು, ಲಗ್ನಪತ್ರಿಕೆಯ ಅಕ್ಷರಗಳನ್ನು ಬರೆಯುವ ಯುವಕನೊಬ್ಬನಿದ್ದಾನೆ. ಕನ್ನಡವನ್ನೂ ಉರ್ದುವನ್ನೂ ಅಷ್ಟೇ ಅಂದವಾಗಿ ಬರೆಯುತ್ತಾನೆ. ಜಪಾನಿನಿಂದ ಬರವಣಿಗೆಯ ನಿಬ್ಬುಗಳನ್ನು ತರಿಸಿಕೊಂಡ. ಅಂಗೈಯಲ್ಲಿ ಅಡಗುವ ಪೊಟ್ಟಣ. ಬೆಲೆ, ಸಾಗಣೆ ವೆಚ್ಚ ಎಲ್ಲವನ್ನೂ ಮೊದಲೇ ಕೊಟ್ಟಿದ್ದ. ಪೊಟ್ಟಣ ಊರಿಗೆ ಬರುವ ಹೊತ್ತಿಗೆ ‘ಕಸ್ಟಮ್ಸ್ ಶುಲ್ಕ ಬಾಕಿ ಇದೆ, ಪಾವತಿಸಿದ ನಂತರ ತಲುಪಿಸಲಾಗುವುದು’ ಎಂಬ ಸಂದೇಶ ಬಂತು. ಹಣ ಕಟ್ಟಿ, ಚೀಟಿ ಹಿಡಿದುಕೊಂಡು ನನ್ನ ಹತ್ತಿರ ಬಂದ. ‘ಕಾಕಾ, ಸರ್ಕಾರದವರು ಇಷ್ಟೊಂದು ತೆಗೆದುಕೊಳ್ಳುತ್ತಾರೆಯೇ?’ ಎಂದು ಕೇಳಿದ.

ಚೀಟಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಇಬ್ಬರೂ ಕುಳಿತು ಸಾಲು ಸಾಲಾಗಿ ಓದಿದೆವು. ಮೊದಲ ಸಾಲು ಆಮದು ಸುಂಕ. ಎರಡನೆಯದು ಐಜಿಎಸ್‌ಟಿ, ಅಂದರೆ ಹೊರದೇಶದ ಸರಕಿನ ಮೇಲೆ ಬೀಳುವ ಜಿಎಸ್‌ಟಿ ತೆರಿಗೆ. ಮೂರನೆಯ ಸಾಲಿನಲ್ಲಿ, ಈ ಹಣವನ್ನು ಗ್ರಾಹಕನ ಪರವಾಗಿ ಸರ್ಕಾರಕ್ಕೆ ಮುಂಚಿತವಾಗಿ ಕಟ್ಟಿದ್ದಕ್ಕೆ ಕೊರಿಯರ್ ಕಂಪನಿ ತನಗಾಗಿ ಹಾಕಿಕೊಂಡ ಮೊತ್ತ. ನಾಲ್ಕನೆಯದು, ಆ ಮೊತ್ತದ ಮೇಲಿನ ಜಿಎಸ್‌ಟಿ. ಕೊನೆಯ ಎರಡು ಸಾಲುಗಳ ಹಣ ಮೊದಲೆರಡಕ್ಕಿಂತ ಹೆಚ್ಚಿತ್ತು! ಕಂಪನಿಯ ಕೂಲಿಯನ್ನು ಆ ಹುಡುಗ ಸರ್ಕಾರದ ಲೆಕ್ಕಕ್ಕೆ ಬರೆದುಕೊಂಡಿದ್ದ. ಸಂದೇಶ ಕಳಿಸಿದವರು ನಾಲ್ಕನ್ನೂ ಒಂದೇ ‘ಶುಲ್ಕ’ದೊಳಗೆ ತುರುಕಿದ್ದರು. ಹಾಗಿರುವಾಗ ಅವನು ಬೇರೆ ಏನೆಂದುಕೊಳ್ಳಬೇಕಿತ್ತು?

ಇನ್ನು ಪದಗಳಿಗೆ ಬರುತ್ತೇನೆ. ಸಂಸ್ಕೃತದ ಶುಲ್ಕವೇ ತದ್ಭವವಾಗಿ ಸುಂಕವಾಯಿತು ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೂಲ ಒಂದೇ ಆದರೂ ಕನ್ನಡ ಇವೆರಡನ್ನೂ ಬೇರೆ ಬೇರೆ ಕೆಲಸಕ್ಕೆ ಹಚ್ಚಿದೆ. ಪರೀಕ್ಷಾ ಶುಲ್ಕ, ಪ್ರವೇಶ ಶುಲ್ಕ, ಬೋಧನಾ ಶುಲ್ಕ: ಒಂದು ಸೇವೆ ಪಡೆದು ಅದಕ್ಕೆ ಪ್ರತಿಯಾಗಿ ಕೊಡುವ ಹಣ. ಸುಂಕ ಹಾಗಲ್ಲ. ದಾರಿಯಲ್ಲಿ, ಗಡಿಯಲ್ಲಿ, ಬಂದರಿನಲ್ಲಿ ಸರಕನ್ನು ತಡೆದು ಆಳುವವರು ಪಡೆಯುವ ಹಣ ಅದು. ‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯಲ್ಲಿ ಸುಂಕದ ಜಾಗಕ್ಕೆ ಶುಲ್ಕವನ್ನು ಹಾಕಿ ನೋಡಿ, ಗಾದೆಯೇ ನಿಲ್ಲುವುದಿಲ್ಲ. ಕಲ್ಯಾಣದ ಶರಣರಲ್ಲಿ ಸುಂಕದ ಬಂಕಣ್ಣನಿದ್ದ. ಅವನ ಕಾಯಕ ಅವನ ಹೆಸರಿನಲ್ಲೇ ಉಳಿದಿದೆ.

ಹಿಂದಿಯಲ್ಲಿ ಈ ವಿಂಗಡಣೆ ಇಲ್ಲ. ಅಲ್ಲಿ ‘ಸೀಮಾ ಶುಲ್ಕ’, ‘ಆಯಾತ ಶುಲ್ಕ’ ಎಂದೂ ಹೇಳುತ್ತಾರೆ, ಶಾಲೆಯ ಫೀಜಿಗೂ ಶುಲ್ಕವೆಂದೇ ಹೇಳುತ್ತಾರೆ. ಸಂದೇಶಗಳನ್ನು ಹಿಂದಿಯಿಂದ ಕನ್ನಡಕ್ಕೆ ಇಳಿಸುವವರು ಆ ಶುಲ್ಕವನ್ನು ಹಾಗೆಯೇ ಎತ್ತಿಕೊಂಡು ಬಂದಿದ್ದಾರೆ ಎಂದು ನನಗೆ ಅನಿಸುತ್ತದೆ. ಸಾಮಾನ್ಯ ಬಳಕೆಯಲ್ಲೂ ಸರ್ಕಾರಿ ಕನ್ನಡದಲ್ಲೂ ‘ಆಮದು ಸುಂಕ’, ‘ಸೀಮಾಸುಂಕ’ ಎಂಬ ಸ್ಪಷ್ಟ ಪದಗಳು ಇರುವಾಗ ಅವನ್ನು ಬಿಟ್ಟು ಇದನ್ನು ಹಿಡಿಯಬೇಕಾದ ಅಗತ್ಯವೇ ಇರಲಿಲ್ಲ.

ಕಾನೂನು ಕೂಡ ಈ ಭೇದವನ್ನು ಎತ್ತಿ ಹಿಡಿಯುತ್ತದೆ. ಸಂವಿಧಾನದ ಏಳನೆಯ ಅನುಸೂಚಿಯ ಕೇಂದ್ರ ಪಟ್ಟಿಯಲ್ಲಿ ಸೀಮಾಸುಂಕ 83ನೆಯ ನಮೂದು, ಶುಲ್ಕ 96ನೆಯ ನಮೂದು. ಉಡುಪಿಯ ಶಿರೂರು ಮಠದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1954ರಲ್ಲಿ ತೆರಿಗೆಗೂ ಶುಲ್ಕಕ್ಕೂ ಇರುವ ಅಂತರವನ್ನು ವಿವರವಾಗಿ ಬಿಡಿಸಿ ಹೇಳಿತು. ತೆರಿಗೆ ಎಂದರೆ ಕಾನೂನಿನ ಬಲದಿಂದ, ಪ್ರತಿಫಲದ ಮಾತಿಲ್ಲದೆ, ಸಾರ್ವಜನಿಕ ಉದ್ದೇಶಕ್ಕೆ ಪಡೆಯುವ ಹಣ. ಶುಲ್ಕ ಎಂದರೆ ಸಲ್ಲಿಸಿದ ಸೇವೆಗೆ ಪಡೆಯುವ ಹಣ. ನಮ್ಮ ನಾಡಿನ ಮಠವೊಂದರ ಪ್ರಕರಣ ದೇಶಕ್ಕೆಲ್ಲ ಕಲಿಸಿದ ಪಾಠವನ್ನು ನಮ್ಮ ಭಾಷೆಯ ಚೀಟಿಗಳೇ ಮರೆತರೆ ಹೇಗೆ?

ಸುಂಕ, ತೆರಿಗೆ ಎರಡನ್ನೂ ಬೇರೆಯಾಗಿ ಬರೆಯಬೇಕು ಎನ್ನುವುದಕ್ಕೆ ಲೆಕ್ಕದ ಕಾರಣವೂ ಇದೆ. ಹೊರದೇಶದ ಸರಕಿಗೆ ಐಜಿಎಸ್‌ಟಿ ಹಾಕುವುದು ಬರಿಯ ಬೆಲೆಯ ಮೇಲಲ್ಲ, ಬೆಲೆಗೆ ಸುಂಕವನ್ನು ಕೂಡಿಸಿದ ಮೊತ್ತದ ಮೇಲೆ. ಸಾವಿರ ರೂಪಾಯಿ ಮೌಲ್ಯದ ಸಾಮಾನಿಗೆ ಶೇ 10 ಸುಂಕ ಎಂದಿಟ್ಟುಕೊಳ್ಳಿ, ಅಲ್ಲಿಗೆ 1,100. ಅದರ ಮೇಲೆ ಶೇ 18ರಂತೆ 198 ರೂಪಾಯಿ. 180 ಎಂದು ಎಣಿಸಿದವನಿಗೆ 198 ಬಂದಾಗ ಮೋಸವೆನಿಸುತ್ತದೆ. ಅದು ಮೋಸವಲ್ಲ, ಸುಂಕದ ಮೇಲೂ ತೆರಿಗೆ ಬಿದ್ದಿದೆ. ಅದರ ಜೊತೆಗೆ, ಸಾಗಣೆ ಮತ್ತು ವಿಮೆಯ ವೆಚ್ಚವೂ ಸಾಮಾನಿನ ಮೌಲ್ಯದೊಳಗೆ ಸೇರುತ್ತದೆ. ವಿಮಾನದಲ್ಲಿ ಬಂದ ಸಾಮಾನಿಗಾದರೆ ಸಾಗಣೆಯ ವೆಚ್ಚವನ್ನು ಬೆಲೆಯ ಶೇ 20ರವರೆಗೆ ಮಾತ್ರ ಸೇರಿಸುತ್ತಾರೆ. ಸ್ವಂತ ಬಳಕೆಗೆ ತರಿಸುವ ಸುಂಕಾರ್ಹ ವಸ್ತುಗಳ ದರವನ್ನು ಶೇ 20ರಿಂದ ಶೇ 10ಕ್ಕೆ ಇಳಿಸುವ ಪ್ರಸ್ತಾವ 2026ರ ಕೇಂದ್ರ ಬಜೆಟ್‌ನಲ್ಲಿ ಬಂತು. ‘ಕಸ್ಟಮ್ಸ್ ಶುಲ್ಕ ಅರ್ಧಕ್ಕೆ ಇಳಿಯಿತು’ ಎಂದು ಅದನ್ನು ಓದಿಕೊಂಡವರು, ಕೊರಿಯರ್ ಚೀಟಿಯ ಮೊತ್ತವೂ ಅರ್ಧವಾಗುತ್ತದೆ ಎಂದು ನಂಬಿದರೆ ಅವರನ್ನು ದೂರಲಾಗದು.

ಇಂಥ ಪದಗಳನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಗಂಜಿನಲ್ಲಿ, ಅಂದರೆ ಧಾನ್ಯದ ಮಾರುಕಟ್ಟೆಯಲ್ಲಿ, ತೊಗರಿ ಮಾರಿದ ರೈತನ ಕೈಗೆ ಬರುವ ಪಟ್ಟಿಯನ್ನು ನೋಡಿ. ತೂಕ ಎಷ್ಟು, ಧಾರಣೆ ಎಷ್ಟು, ಹಮಾಲಿ ಎಷ್ಟು, ತೂಕದ ಕೂಲಿ ಎಷ್ಟು ಎಂದು ಒಂದೊಂದಕ್ಕೂ ಒಂದೊಂದು ಹೆಸರು. ಖರೀದಿದಾರನ ಲೆಕ್ಕದಲ್ಲಿ ದಲಾಲಿ ಬೇರೆ, ಮಾರುಕಟ್ಟೆಯ ಸೆಸ್ ಬೇರೆ. ಹಮಾಲಿಯನ್ನು ಸೆಸ್ ಎಂದು ಬರೆದರೆ ಅಕ್ಷರ ಬಾರದ ರೈತನೂ ಲೆಕ್ಕ ಬರೆಯುವ ದಿವಾಣಜಿಯನ್ನು ನಿಲ್ಲಿಸಿ ಕೇಳುತ್ತಾನೆ. ಯಾವುದು ಯಾರ ಪಾಲು ಎಂಬುದು ಪದದಲ್ಲೇ ಇರುವುದರಿಂದ ಯಾರನ್ನು ಕೇಳಬೇಕು ಎಂಬುದೂ ಅವನಿಗೆ ಗೊತ್ತು. ಪಾರ್ಸೆಲ್ ಚೀಟಿಯಲ್ಲಿಯೂ ಬೇಕಾದದ್ದು ಇದೇ. ಸುಂಕ ತಪ್ಪಾಗಿದ್ದರೆ ಸೀಮಾಸುಂಕ ಇಲಾಖೆಯನ್ನು ಕೇಳಬೇಕು. ಕಂಪನಿಯ ಪಾಲು ಹೆಚ್ಚೆನಿಸಿದರೆ ಕಂಪನಿಯನ್ನು ಕೇಳಬೇಕು, ಅಲ್ಲಿಯೂ ಆಗದಿದ್ದರೆ ಗ್ರಾಹಕರ ಆಯೋಗವಿದೆ.

ಆದ್ದರಿಂದ ಕಂಪನಿಯ ಪಾಲಿಗೆ ‘ದಲಾಲಿ’ ಎನ್ನೋಣ ಎಂಬುದು ನನ್ನ ಸಲಹೆ. ಪದಕ್ಕೆ ಸ್ವಲ್ಪ ಕಟುವಾಸನೆ ಇದೆ ಎಂದು ಕೆಲವರು ಹೇಳಬಹುದು. ‘ನಿರ್ವಹಣಾ ಶುಲ್ಕ’ ಎಂದರೆ ಅರ್ಥದಲ್ಲಿ ತಪ್ಪಿಲ್ಲ, ಆದರೆ ಅದರ ದನಿ ಸರ್ಕಾರದ್ದು. ಓದುಗ ಮತ್ತೆ ಹಳೆಯ ಗೊಂದಲಕ್ಕೇ ಬೀಳುತ್ತಾನೆ. ‘ದಸ್ತೂರಿ’ಯೂ ನನ್ನ ಮನಸ್ಸಿನಲ್ಲಿತ್ತು. ದಸ್ತೂರ್ ಎಂದರೆ ರೂಢಿ, ರೂಢಿಯಂತೆ ಕೊಡುವುದು ದಸ್ತೂರಿ. ಇಂಗ್ಲಿಷಿನ ಕಸ್ಟಮ್ಸ್ ಕೂಡ ಇದೇ ಹಾದಿಯಲ್ಲಿ ಬಂದ ಪದ, ರೂಢಿಯಂತೆ ಸಲ್ಲಬೇಕಾದ ಹಣ ಎಂಬ ಅರ್ಥದಿಂದ. ನಮ್ಮ ‘ಮಾಮೂಲು’ ಸಹ ಮೂಲದಲ್ಲಿ ರೂಢಿಯದೇ. ಅದು ಈಗ ಲಂಚದ ಹೆಸರಾಗಿದೆ. ದಸ್ತೂರಿಗೂ ಆ ಛಾಯೆ ತಗುಲಿರುವುದರಿಂದ ಕೈಬಿಟ್ಟೆ.

ಈ ಭಾಗದ ಹಳೆಯ ಪದಗಳನ್ನು ನೆನೆಯದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೈದರಾಬಾದ್ ಸಂಸ್ಥಾನದ ಸುಂಕದ ಇಲಾಖೆಗೆ ‘ಕರೋಡಗಿರಿ’ ಎಂದು ಹೆಸರು. ಅಕ್ಬರನ ಕಾಲದಲ್ಲಿ ಕೋಟಿ ದಾಮು (ಅಂದಿನ ತಾಮ್ರದ ನಾಣ್ಯ) ಹುಟ್ಟುವಳಿಯ ಸೀಮೆಗೆ ನೇಮಕವಾಗುತ್ತಿದ್ದ ‘ಕರೋಡಿ’ ಎಂಬ ಅಧಿಕಾರಿಯ ನೆನಪು ಆ ಪದದಲ್ಲಿದೆ. ಸಂಸ್ಥಾನಕ್ಕೆ ತನ್ನದೇ ‘ಹಾಲಿ ಸಿಕ್ಕಾ’ ನಾಣ್ಯ, ತನ್ನದೇ ಅಂಚೆ, ತನ್ನದೇ ಗಡಿಸುಂಕ. ಆ ಕಾಲದಲ್ಲಿ ಕಲಬುರಗಿಯವರಿಗೆ ಸೊಲ್ಲಾಪುರದ ಸರಕೂ ಗಡಿ ದಾಟಿ ಬರುವ ಸರಕೇ. ಅನಂತರ ಉಳಿದದ್ದು ‘ಜಕಾತಿ’. ಅರಬ್ಬಿಯಲ್ಲಿ ಧಾರ್ಮಿಕ ದಾನವಾದ ಜಕಾತ್ ಮರಾಠಿಯ ದಾರಿಯಲ್ಲಿ ಊರಬಾಗಿಲ ಸುಂಕವಾಗಿ ನಮ್ಮಲ್ಲಿಗೆ ಬಂತು. ರಾಜ್ಯದಲ್ಲಿ 1979ರಲ್ಲಿ ಈ ಜಕಾತಿ, ಅಂದರೆ ಆಕ್ಟ್ರಾಯ್, ರದ್ದಾಗಿ ಪ್ರವೇಶ ತೆರಿಗೆ ಬಂತು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಅದೂ ಹೋಯಿತು. ಜಕಾತಿ ವಸೂಲಿಯ ಕಟ್ಟೆಗಿದ್ದ ‘ನಾಕಾ’ ಎಂಬ ಹೆಸರು ಮಾತ್ರ ಬಸ್ ನಿಲ್ದಾಣಗಳ ಹೆಸರಿನಲ್ಲಿ ಇನ್ನೂ ಬಾಳುತ್ತಿದೆ.

ಅಂಚೆಯಲ್ಲಿ ಬರುವ ಹೊರದೇಶದ ಪೊಟ್ಟಣಗಳ ಮೇಲೆ ಒಂದು ಚಿಕ್ಕ ಚೀಟಿ ಅಂಟಿಸಿರುತ್ತಾರೆ. ಸಿಎನ್ 22 ಎಂದು ಅದರ ಹೆಸರು. ಒಳಗೇನಿದೆ, ತೂಕ ಎಷ್ಟು, ಬೆಲೆ ಎಷ್ಟು ಎಂದು ಕಳಿಸುವವರು ಅದರಲ್ಲಿ ಬರೆಯಬೇಕು. ಅದರ ಮೇಲೆ ಫ್ರೆಂಚಿನಲ್ಲಿ ‘ದುಆನ್’ ಎಂಬ ಪದವಿರುತ್ತದೆ, ಸುಂಕದ ಕಚೇರಿ ಎಂದರ್ಥ. ಅರಬ್ಬಿಯ ‘ದೀವಾನ್’ ಇಟಲಿಯ ಬಂದರುಗಳ ಮೂಲಕ ಹೋಗಿ ಫ್ರೆಂಚಿನ ದುಆನ್ ಆಯಿತು. ಅದೇ ದೀವಾನ್ ಬೀದರ್ ಕೋಟೆಯ ದಿವಾನ್-ಎ-ಆಮ್‌ನಲ್ಲಿದೆ, ಗಂಜಿನ ದಿವಾಣಜಿಯಲ್ಲೂ ಇದೆ. ಆ ಚೀಟಿಯನ್ನು ನೋಡಿದಾಗಲೆಲ್ಲ ನನಗೆ ತುಂಬ ಸಂತೋಷವಾಗುತ್ತದೆ.

ಅದೇ ಚೀಟಿಯಲ್ಲಿ ‘ಉಡುಗೊರೆ’ ಎಂಬ ಚೌಕವೂ ಇದೆ. ಅದಕ್ಕೆ ಗುರುತು ಹಾಕಿದರೆ ಸುಂಕವಿಲ್ಲ ಎಂದು ನಮ್ಮಲ್ಲಿ ಬಹಳ ಜನ ಈಗಲೂ ನಂಬಿದ್ದಾರೆ. ಐದು ಸಾವಿರ ರೂಪಾಯಿವರೆಗಿನ ಉಡುಗೊರೆಗೆ ಹಿಂದೆ ವಿನಾಯಿತಿ ಇದ್ದದ್ದು ನಿಜ. 2019ರ ಡಿಸೆಂಬರ್‌ನಲ್ಲಿ ಅದು ಹೋಯಿತು. ಜೀವರಕ್ಷಕ ಔಷಧ ಮತ್ತು ರಾಖಿಗೆ ಮಾತ್ರ ಉಳಿಯಿತು. ಅಮೆರಿಕದಲ್ಲಿರುವ ಮಗಳು ತಂದೆಗೆ ಕಳಿಸಿದ ಬೆಚ್ಚನೆಯ ಟೋಪಿಯೂ ಸುಂಕಕ್ಕೆ ಒಳಪಡುವ ಸರಕೇ. ಪೋಸ್ಟ್‌ಮನ್ ಹಣ ಕೇಳಿದಾಗ ಅವನೊಡನೆ ಜಗಳಕ್ಕೆ ನಿಲ್ಲುವುದು ಸಲ್ಲದು.

ಬಾಣ ಎದುರು ದಿಕ್ಕಿನಲ್ಲೂ ಹಾರುತ್ತಿದೆ. ಬೀದರಿನ ಬಿದ್ರಿ ಕುಶಲಕರ್ಮಿಗಳು ಕಿವಿಯೋಲೆ, ಪುಟ್ಟ ಕರಡಿಗೆಗಳನ್ನು ಹೊರದೇಶದ ಗ್ರಾಹಕರಿಗೆ ನೇರವಾಗಿ ಕಳಿಸುತ್ತಾರೆ. ಸತು ಮತ್ತು ತಾಮ್ರದ ಎರಕ, ಅದರಲ್ಲಿ ಕೂರಿಸಿದ ಬೆಳ್ಳಿಯ ಎಳೆ, ಕೋಟೆಯ ಮಣ್ಣಿನಲ್ಲಿ ಬಂದ ಆ ಕಪ್ಪು: ಇಷ್ಟು ಕೆಲಸ ಹಿಡಿದ ಸಾಮಾನನ್ನು ಗ್ರಾಹಕ ಬಾಗಿಲಲ್ಲಿ ‘ಇನ್ನೂ ಹಣವೇ?’ ಎಂದು ನಿರಾಕರಿಸಿದರೆ ಹೊಟ್ಟೆ ಉರಿಯುತ್ತದೆ. ಅಮೆರಿಕದಲ್ಲಿ 800 ಡಾಲರ್‌ವರೆಗಿನ ಪಾರ್ಸೆಲ್‌ಗೆ ಇದ್ದ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಮುಗಿಯಿತು. ಅದಕ್ಕೂ ಕೆಲವು ದಿನ ಮೊದಲೇ ನಮ್ಮ ಅಂಚೆ ಇಲಾಖೆ ಆ ದೇಶಕ್ಕೆ ಬಹುತೇಕ ಪಾರ್ಸೆಲ್ ಸೇವೆಯನ್ನು ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಆರಂಭಿಸಿತು. ಈಗ ಅಲ್ಲಿನ ಸುಂಕವನ್ನು ಕಳಿಸುವವರೇ ಇಲ್ಲಿ ಮೊದಲು ಕಟ್ಟುವ ವ್ಯವಸ್ಥೆ ಬಂದಿದೆ. ಅದಕ್ಕೆ ‘ಮುಂಗಟ್ಟು ಸುಂಕ’ ಎಂದರೆ ಹೊಂದುತ್ತದೆಯೇ?

ಶಾಸನ ಬಲ್ಲವರಿಗೆ ಒಂದು ಪ್ರಶ್ನೆ. ಕಲ್ಯಾಣ ಚಾಲುಕ್ಯರ ಕಾಲದ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳು ಬರುತ್ತವೆ; ಅವನ್ನು ನೋಡಿಕೊಳ್ಳುವವನು ಸುಂಕವೆರ್ಗಡೆ. ಹೆಜ್ಜುಂಕ ಎಂದರೆ ಹಿರಿದಾದ ಸುಂಕ, ಹೇರುಗಟ್ಟಲೆ ಸರಕಿನದು. ಸಣ್ಣಪುಟ್ಟ ಸಾಮಾನಿನ ಸುಂಕಕ್ಕೆ ‘ಕಿರುಕುಳ’ ಎಂಬ ಹೆಸರಿತ್ತು. ಇಂದಿನ ಕನ್ನಡದಲ್ಲಿ ಕಿರುಕುಳ ಎಂದರೆ ಕಾಟ. ಕಾಟದ ಅರ್ಥ ಸುಂಕದಿಂದ ಬಂತೋ, ‘ಕ್ಷುಲ್ಲಕ’ ಎಂಬ ಸಾಮಾನ್ಯ ಅರ್ಥದಿಂದ ಎರಡೂ ಕವಲೊಡೆದವೋ? ಪ್ರಯೋಗಗಳನ್ನು ಕಾಲಾನುಕ್ರಮದಲ್ಲಿ ಯಾರಾದರೂ ಕೊಟ್ಟರೆ ಉಪಕಾರವಾಗುತ್ತದೆ. ಹಾಗೆಯೇ, ಇಷ್ಟು ಮೊತ್ತದವರೆಗೆ ಸುಂಕವಿಲ್ಲ ಎಂಬ ಮಿತಿಗೆ ಒಂದು ಪದ ಬೇಕು. ‘ಸುಂಕಮುಕ್ತ ಮಿತಿ’ ಸರಿ, ಆದರೆ ವಿಮಾನ ನಿಲ್ದಾಣದ ಸುಂಕಮುಕ್ತ ಅಂಗಡಿಯ ಜೊತೆ ಗೊಂದಲವಾಗುತ್ತದೆ. ‘ಕಿರುಬೆಲೆ ವಿನಾಯಿತಿ’ ಹೇಗೆ?

ತೆರಿಗೆಯ ಬಗ್ಗೆ ನನಗೆ ತಕರಾರಿಲ್ಲ. ‘ತೆರು’ ಧಾತುವಿನಿಂದ ಬಂದ ಅಚ್ಚಗನ್ನಡ ಪದ. ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ಕೊಡುವ ‘ತೆರ’ವೂ ಅದೇ ಬೇರಿನದು, ಸಂಸ್ಕೃತದ ಶುಲ್ಕಕ್ಕೂ ಕನ್ಯಾಶುಲ್ಕವೆಂಬ ಅರ್ಥ ಇರುವುದು ಗಮನಿಸಬೇಕಾದ ಸಾಮ್ಯ.

ಕಡೆಯದಾಗಿ ಒಂದು ಆತಂಕವನ್ನು ಹೇಳಲೇಬೇಕು. ‘ಕಸ್ಟಮ್ಸ್ ಶುಲ್ಕ ಕಟ್ಟಿ’ ಎಂದು ಕೊಂಡಿ ಕಳಿಸಿ ಹಣ ದೋಚುವ ವಂಚಕರಿಗೆ ಈ ಅಸ್ಪಷ್ಟ ಪದವೇ ಬಂಡವಾಳ. ಸೀಮಾಸುಂಕ ಇಲಾಖೆ ಯಾರದೋ ಖಾಸಗಿ ಖಾತೆಗೆ ಹಣ ಹಾಕಿ ಎಂದು ಫೋನಿನಲ್ಲಿ ಕೇಳುವುದಿಲ್ಲ. 2019ರ ನವೆಂಬರ್‌ನಿಂದ ಅದರ ಪತ್ರಗಳಿಗೆ ದಾಖಲೆ ಗುರುತಿನ ಸಂಖ್ಯೆ ಕಡ್ಡಾಯವಾಗಿದೆ. ಸಾಮಾನಿನ ಮೌಲ್ಯ ಎಷ್ಟು, ಸುಂಕ ಎಷ್ಟು, ತೆರಿಗೆ ಎಷ್ಟು, ದಲಾಲಿ ಎಷ್ಟು ಎಂದು ಬಿಡಿಸಿ ಬರೆಯುವುದು ರೂಢಿಯಾದರೆ, ಹಾಗೆ ಬರೆಯದ ಸಂದೇಶದ ಮೇಲೆ ಸಂಶಯ ಪಡಲು ಜನರಿಗೆ ಒಂದು ಆಧಾರ ಸಿಗುತ್ತದೆ.

ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ತಿಳಿಸಿ: ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕರೋಡಗಿರಿ, ಜಕಾತಿ ಇನ್ನೂ ಉಳಿದಿವೆಯೇ? ಉಳಿದಿದ್ದರೆ ಯಾವ ವಾಕ್ಯದಲ್ಲಿ, ಯಾವ ಸಂದರ್ಭದಲ್ಲಿ ಬಳಸುತ್ತಾರೆ? ಸುರಪುರ, ಶಹಾಪುರದ ಪೇಟೆಗಳಲ್ಲಿ ದಲಾಲಿಗೆ ಬೇರೆ ಹೆಸರಿದ್ದರೆ ಅದನ್ನೂ ಬರೆಯಿರಿ.